ಹೆಬ್ಬಾತಿಗೆ ಹತ್ತೊಂಬತ್ತು ಕೋಟು ಬಣ್ಣ

ನನ್ನ ಭಾವ ಮೆತೋದ್ ಬಜಾಲಾ ಮನೆಯಂಗಳದಲ್ಲಿ ಕಟ್ಟಿದ ಜೆಟ್ ವಿಮಾನದ ಕಥೆ ನನ್ನ ಏಣಿಯಿಂದ ಶುರುವಾಗುತ್ತದೆ. ತೊಂಬತ್ಮೂರರ ಚಳಿಗಾಲದಲ್ಲಿ “ಎರಡು ದಿನದ ಮಟ್ಟಿಗೆ ಕೊಡು” ಎಂದು ಒಯ್ದರು. ವಿಮಾನದ ಒಡಲನ್ನು ನೆಟ್ಟಗೆ ಕೂರಿಸಲು ಕೆಳಗೊಂದು ಚೌಕಟ್ಟು ಬೇಕಿತ್ತಂತೆ. ಏಣಿಯನ್ನು ನೆಲಕ್ಕೆ ಮಲಗಿಸಿ ಅದರ ಮೇಲೆ ಕಟ್ಟತೊಡಗಿದರು. ಇಪ್ಪತ್ತನಾಲ್ಕು ವರ್ಷ ನಾನು ಪಕ್ಕದ ಮನೆಯವರ ಏಣಿ ಬೇಡಿ ಚೆರ್ರಿ ಹಣ್ಣು ಕೊಯ್ದಿದ್ದೇನೆ. ಹಾಗಾಗಿ ನನ್ನ ಮಾತು ಅಲ್ಲಲ್ಲಿ ಖಾರವಾದರೆ ಓದುವವರು ದಯವಿಟ್ಟು ಏಣಿಯನ್ನು ನೆನೆಯಬೇಕು.

ನಮ್ಮೂರು ದೊಲ್ನಿ ಲೂಚ್ಕಿ, ಮೊರಾವಿಯಾದ ದ್ರಾಕ್ಷಿ ಗುಡ್ಡಗಳ ಸೀಮೆಯದು. ಅಂಗಡಿಯಲ್ಲಿ ಏನೂ ಸಿಗದ ಕಾಲದಲ್ಲಿ ಬೆಳೆದ ಗಂಡಸರು ನಾವು. ಬಟ್ಟೆ ಒಗೆಯುವ ಯಂತ್ರದ ಮೋಟಾರಿನಿಂದ ಹುಲ್ಲು ಕತ್ತರಿಸುವ ಯಂತ್ರ ಮಾಡಿಕೊಂಡವರು, ಕೆಟ್ಟ ಟ್ರಾಕ್ಟರಿನಿಂದ ಇನ್ನೊಂದು ಕೆಟ್ಟ ಟ್ರಾಕ್ಟರನ್ನು ಎಬ್ಬಿಸಿದವರು. ಕೈ ಸುಮ್ಮನಿರದ ಗಂಡಸಿನ ಮೇಲೆ ನಮ್ಮಲ್ಲಿ ಗೌರವವಿದೆ, ಅವನ ಹೆಂಡತಿಯ ಮೇಲೆ ಕನಿಕರವಿದೆ. ಭಾವ ಟ್ರಾಕ್ಟರ್ ರಿಪೇರಿ ಕೇಂದ್ರದಲ್ಲಿ ಲೇತ್ ಕೆಲಸದವರು. ಕೇಂದ್ರ ಮುಚ್ಚಿದಾಗ ಅವರಿಗೆ ನಲವತ್ತಾರು. ಬೇರೆಯವರು ಕುಡಿತ ಹಿಡಿದರು, ಇವರು ಜೆಟ್ ವಿಮಾನ ಹಿಡಿದರು. ಒಬ್ಬರೇ ಕೂರುವಂಥದು, ನಮ್ಮ ಮೇಕೆ ಕೊಟ್ಟಿಗೆಗಿಂತ ಒಂದು ಮೊಳ ಉದ್ದ. ಊರವರು ಅದಕ್ಕೆ ಹೆಬ್ಬಾತು ಎಂದು ಹೆಸರಿಟ್ಟರು. ಅಂಗಳದಲ್ಲಿ ಕೂತು ಸುಮ್ಮನೆ ತಿನ್ನುತ್ತದೆ, ಹಾರುವುದಿಲ್ಲ ಎಂಬ ಅರ್ಥದಲ್ಲಿ.

ಯಾರೇನು ಅಂದರೂ ಭಾವನ ಉತ್ತರ ಒಂದೇ: “ಇರಲಿ.” ಮಳೆ ಬಂದು ಹುಲ್ಲು ನೆಂದರೆ ಇರಲಿ. ಸೂಪಿಗೆ ಉಪ್ಪು ಹೆಚ್ಚಾದರೆ ಇರಲಿ. ನಾನು ಏಣಿ ಕೇಳಿದಾಗಲೂ ಇರಲಿ ಎಂದರು. ಅದು ಇರಲೇ ಬೇಕಾಯಿತು.

ನನ್ನ ಅಕ್ಕ ಅಪೊಲೇನಾ ಇನ್ನೊಂದು ಜಾತಿ. ಗೋಡೆಗೆ ಹೂ ಬರೆಯುವುದರಲ್ಲಿ ನಮ್ಮ ಸೀಮೆಗೇ ಹೆಸರಾದವಳು. ಈಸ್ಟರ್‌ಗೆ ಮುಂಚಿನ ವಾರ ನಮ್ಮೂರಲ್ಲಿ ಬಣ್ಣ ಕಾಣದ ಮನೆಯೆಂದರೆ ಒಂದೋ ಅಲ್ಲಿ ಸಾವಾಗಿರಬೇಕು, ಇಲ್ಲವೇ ಮನೆಯವರಿಗೆ ನಾಚಿಕೆ ಇಲ್ಲದಿರಬೇಕು. ಶನಿವಾರ ಗಂಡಸರು ಬಿಳಿ ಹೊಡೆಯುತ್ತಾರೆ. ಸೋಮವಾರ ಹೆಂಗಸರು ಬುಡಕ್ಕೆ ನೀಲಿ ಪಟ್ಟಿ ಎಳೆದು ಬಾಗಿಲ ಸುತ್ತ ಹೂಬಳ್ಳಿ ಬರೆಯುತ್ತಾರೆ. ಹಳೆಯದನ್ನು ಕೆರೆಯುವ ಪದ್ಧತಿ ಇಲ್ಲ. ಹೋದ ವರ್ಷದ ಹೂವಿನ ಮೇಲೆ ಬಿಳಿ, ಬಿಳಿಯ ಮೇಲೆ ಈ ವರ್ಷದ ಹೂ. ನನ್ನ ಮನೆಯ ಗೋಡೆಗಳು ನನ್ನ ಅಜ್ಜನ ಕಾಲದಿಂದ ದಪ್ಪಗಾಗುತ್ತ ಬಂದು ಈಗ ಬಾಗಿಲು ಪೂರ್ತಿ ತೆರೆಯುವುದಿಲ್ಲ.

ತೊಂಬತ್ತೊಂಬತ್ತರ ವಸಂತದಲ್ಲಿ ಹೆಬ್ಬಾತಿನ ಒಡಲು ಕೊಟ್ಟಿಗೆಯಿಂದ ಅಂಗಳಕ್ಕೆ ಬಂದಿತ್ತು. ಅದಕ್ಕೆ ಹಿಂದಿನ ಶರತ್ಕಾಲದಲ್ಲಿ ಭಾವನ ಗೆಳೆಯ ಲುಬೋಶ್ ತೀರಿಕೊಂಡಿದ್ದ. ಅವನದೂ ಮನೆಯಲ್ಲೇ ಕಟ್ಟಿದ ವಿಮಾನ, ದ್ರಾಕ್ಷಿ ತೋಟಕ್ಕೆ ಬಿತ್ತು. ಅಂಥ ವರ್ಷ ಅಕ್ಕ ಬಣ್ಣದ ಡಬ್ಬಿ ಹಿಡಿದು ಅಂಗಳದಲ್ಲಿ ನಿಂತಳು. “ಅಂಗಳದಲ್ಲಿ ನಿಂತಿದ್ದೆಲ್ಲ ಮನೆಯದೇ,” ಎಂದಳು ಗಂಡನಿಗೆ. “ನೀವು ಬಿಳಿ ಹೊಡೀರಿ, ನಾನು ಹೂ ಬರೀತೀನಿ.” ತಗಡಿಗೆ ಸುಣ್ಣ ಹಿಡಿಯದೆಂದು ಅದಕ್ಕೆ ಮಾತ್ರ ಎಣ್ಣೆ ಬಣ್ಣ. ಭಾವ ಒಂದು ಗಳಿಗೆ ಅವಳ ಮುಖ ನೋಡಿ, ಇರಲಿ ಎಂದು ಬ್ರಷ್ ತೆಗೆದುಕೊಂಡರು. ಅಂದಿನಿಂದ ಪ್ರತಿ ಈಸ್ಟರ್‌ಗೆ ಹೆಬ್ಬಾತಿಗೂ ಒಂದು ಕೋಟು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಹಾಗೆ, ಇನ್ನೂ ಎಂಜಿನ್ನೇ ಇಲ್ಲದ ವಿಮಾನ ಮೂತಿಯಿಂದ ಬಾಲದವರೆಗೆ ಕೆಂಪು ನೀಲಿ ಹೂ ಮುಡಿದು ನಿಂತಿತು. ರೆಕ್ಕೆಗಳು ಮಾತ್ರ ಉಳಿದುಕೊಂಡವು. ಭಾವ ಅವನ್ನು ಹುಲ್ಲಟ್ಟದ ಮೇಲೆ ಬಚ್ಚಿಟ್ಟಿದ್ದರು.

ಎರಡು ಸಾವಿರದ ಹನ್ನೊಂದರಲ್ಲಿ ಎಂಜಿನ್ನೂ ಬಂತು. ಪೈಲಟ್ ಇಲ್ಲದ ಸಣ್ಣ ವಿಮಾನಗಳಿಗೆ ಹಾಕುವಂಥದು, ಎರಡು ಕೈಯಲ್ಲಿ ಎತ್ತಬಹುದು. ಮೊದಲ ದಿನ ಅದನ್ನು ಶುರು ಮಾಡಿದಾಗ ಪಾದ್ರಿಗಳ ಕೋಳಿಗಳು ಮೂರು ದಿನ ಮೊಟ್ಟೆ ಇಡಲಿಲ್ಲ. ಇನ್ನೇನು ಹಾರಿಯೇ ಬಿಟ್ಟರು ಎಂದುಕೊಂಡೆವು. ಆದರೆ ಆ ವರ್ಷ ಕೊಳವೆ ಬದಲಿಸಬೇಕು ಎಂದರು, ಮುಂದಿನ ವರ್ಷ ತಂತಿ, ಅದರ ಮುಂದಿನ ವರ್ಷ ಮತ್ತೆ ಕೊಳವೆ. ಆರು ವರ್ಷ ಹೀಗೇ ಹೋಯಿತು. ಭಾವ ಹೆದರಿದ್ದಾರೆ ಎಂದು ಊರು ಮಾತಾಡಿತು. ನಾನೂ ಹಾಗೇ ಅಂದುಕೊಂಡಿದ್ದೆ, ಮುಚ್ಚಿಡುವುದೇಕೆ.

ಎರಡು ಸಾವಿರದ ಹದಿನೇಳರ ಮೇ ತಿಂಗಳಲ್ಲಿ, ಹತ್ತೊಂಬತ್ತನೆಯ ಕೋಟು ಒಣಗಿದ ಮೇಲೆ, ಕಣ್ಣಿನ ಡಾಕ್ಟರು ಭಾವನ ಎಡಗಣ್ಣಿನ ನರ ಒಣಗಿದೆ ಎಂದರು. ಬಲಗಣ್ಣೂ ಅದೇ ದಾರಿ ಹಿಡಿದಿದೆಯಂತೆ. ಪೈಲಟ್ ಲೈಸೆನ್ಸಿನ ಮಾತು ಅಲ್ಲಿಗೆ ಮುಗಿಯಿತು. ಭಾವ ಬಸ್ಸಿಳಿದು ನೇರ ನನ್ನ ಮನೆಗೆ ಬಂದು ಜಗುಲಿಯ ಮೇಲೆ ಕೂತರು.

“ಮಾರ್ತೀನಿ ಫ್ಲೋರಿಯಾನ್,” ಎಂದರು.

“ಕಣ್ಣಾ?”

“ಹೆಬ್ಬಾತನ್ನ. ನನಗಂತೂ ಹಾರೋ ಯೋಗ ಇಲ್ಲ, ಅದಕ್ಕಾದ್ರೂ ಇರಲಿ. ಈ ಉಳಿದ ಕಣ್ಣಲ್ಲಿ ಒಂದು ಸಲ ಅದು ನೆಲ ಬಿಟ್ಟಿದ್ದನ್ನ ನೋಡ್ಬೇಕು. ಅಷ್ಟು ಸಾಕು.”

ಅವರಿಗೆ ಬೇಕಿದ್ದದ್ದು ಅಷ್ಟೇ ಎಂದು ನನಗೆ ಅಲ್ಲೇ ತಿಳಿಯಿತು. ಏಣಿಯ ವಿಷಯ ಎತ್ತಲಿಲ್ಲ.

ಮಾರುವುದೇನು ಸುಲಭವೇ? ಬ್ರ್ನೋ ಪಟ್ಟಣದ ಹೋಟೆಲಿನವನೊಬ್ಬ ಬಂದು, ತನ್ನ ಹೋಟೆಲಿನ ಮಾಡಿನ ಮೇಲೆ ಕೂರಿಸುತ್ತೇನೆ, ಹೂವು ಚೆನ್ನಾಗಿದೆ ಎಂದ. ಭಾವ ಗೇಟು ತೋರಿಸಿದರು. ಆಸ್ಟ್ರಿಯಾದ ಹಲ್ಲಿನ ಡಾಕ್ಟರೊಬ್ಬ ಬಂದು ಎಷ್ಟು ಎತ್ತರಕ್ಕೆ ಹಾರುತ್ತದೆ ಎಂದು ಕೇಳಿದ. “ಇಲ್ಲೀವರೆಗೆ ಮೂರಡಿ, ಟೈರು ಬದಲಾಯಿಸೋಕೆ ಜಾಕ್ ಹಾಕಿದಾಗ,” ಎಂದರು ಭಾವ. ಅವನೂ ಹೋದ. ಸುಳ್ಳು ಹೇಳಿ ಮಾರುವವರನ್ನು ನೋಡಿದ್ದೇನೆ, ನಿಜ ಹೇಳಿ ಓಡಿಸುವವರನ್ನು ಇವರೊಬ್ಬರನ್ನೇ ನೋಡಿದ್ದು.

ಜುಲೈಯಲ್ಲಿ ಪೋಲೆಂಡಿನಿಂದ ಯಾದ್ವಿಗಾ ಕೊತುಲಾ ಎಂಬಾಕೆ ಬಂದಳು. ನಲವತ್ತರ ಮೇಲಿನ ಗಟ್ಟಿ ಹೆಂಗಸು. ವರ್ಷಗಟ್ಟಲೆ ಹೊಲಗಳ ಮೇಲೆ ಔಷಧಿ ಹೊಡೆಯುವ ವಿಮಾನ ಓಡಿಸಿದವಳು, ಈಗ ಹಾರಾಟದ ಪ್ರದರ್ಶನಗಳಲ್ಲಿ ಜೆಟ್ ಹಾರಿಸುತ್ತಾಳೆ. ಅವರ ಭಾಷೆಯೂ ನಮ್ಮದೂ ಅಕ್ಕತಂಗಿಯರು, ಆದ್ದರಿಂದಲೇ ಜಗಳ. ಬಿಸಿಲಲ್ಲಿ ಬಂದವಳಿಗೆ ನೀರಿನ ಬಾಟಲಿ ಬೇಕಿತ್ತು. “ಇಲ್ಲಿ ಸ್ಕ್ಲೆಪ್ ಎಲ್ಲಿದೆ?” ಎಂದು ಕೇಳಿದಳು. ಅವರಲ್ಲಿ ಸ್ಕ್ಲೆಪ್ ಎಂದರೆ ಅಂಗಡಿ. ನಮ್ಮಲ್ಲಿ ದ್ರಾಕ್ಷಾರಸದ ನೆಲಮಾಳಿಗೆ. ಬಂದ ಕೂಡಲೇ ನೆಲಮಾಳಿಗೆ ಕೇಳಿದ ಹೆಂಗಸನ್ನು ಭಾವ ಜನ್ಮದಲ್ಲಿ ಕಂಡಿರಲಿಲ್ಲ. ಮರ್ಯಾದೆಯಿಂದ ನನ್ನ ನೆಲಮಾಳಿಗೆಗೆ ಕರೆತಂದರು. ಮೂರು ಗಂಟೆಯ ನಂತರ ಮೇಲೆ ಬಂದಾಗ ಅವಳಿಗೆ ಬಾಯಾರಿಕೆಯೂ ನೆನಪಿರಲಿಲ್ಲ, ಕಾರಿನ ಕೀಲಿಯೂ ನೆನಪಿರಲಿಲ್ಲ.

ಮರುದಿನ ಬೆಳಿಗ್ಗೆ ಮಾತ್ರ ನೀರೇ ಕುಡಿದು, ಮಧ್ಯಾಹ್ನದವರೆಗೆ ಹೆಬ್ಬಾತಿನ ಒಂದೊಂದು ರಿವೆಟ್ಟನ್ನೂ ಬೆರಳಿನಿಂದ ತಟ್ಟಿ ನೋಡಿದಳು.

“ಕೆಲಸ ಚೆನ್ನಾಗಿದೆ ಯಜಮಾನ್ರೇ. ನಾನು ತಗೋತೀನಿ. ಆದ್ರೆ ಹಾರಾಟದ ಕಚೇರಿಯ ಕಾಗದ ಬೇಕು. ಕಾಗದ ಇಲ್ದೆ ಕೂರಲ್ಲ.”

“ಎಲ್ಲೀವರೆಗೆ ಕಾಯ್ತೀರಿ?”

“ನವೆಂಬರ್‌ವರೆಗೆ. ಅಷ್ಟರಲ್ಲಿ ಆಗ್ಲಿಲ್ಲ ಅಂದ್ರೆ ಜರ್ಮನಿಯಲ್ಲಿ ಇನ್ನೊಂದು ನೋಡಿಟ್ಟಿದೀನಿ.”

“ಸಂತ ಮಾರ್ತಿನನ ಹಬ್ಬ ಅಂತಿಟ್ಕೊಳ್ಳಿ,” ಎಂದರು ಭಾವ. ಅದು ನವೆಂಬರ್ ಹನ್ನೊಂದು, ಹೊಸ ದ್ರಾಕ್ಷಾರಸದ ಬಿರಡೆ ತೆಗೆಯುವ ದಿನ, ಊರಿನ ಹೆಬ್ಬಾತುಗಳೆಲ್ಲ ಒಲೆಗೆ ಹೋಗುವ ದಿನವೂ ಹೌದು. ಈ ಹೆಬ್ಬಾತು ಮೇಲಕ್ಕೆ ಹೋಗುತ್ತದೋ ಒಲೆಗೆ ಹೋಗುತ್ತದೋ ಎಂದು ಊರಲ್ಲಿ ಪಂದ್ಯ ಕಟ್ಟಿದರು. ನಾನು ಒಲೆಯ ಮೇಲೆ ಕಟ್ಟಿದ್ದೆ, ತಪ್ಪಾಯಿತು.

ಸೆಪ್ಟೆಂಬರ್ ಮೊದಲ ವಾರ ಕಚೇರಿಯಿಂದ ಇಂಜಿನಿಯರ್ ರಾದಿಮ್ ಕೋಪಲ್ ಬಂದರು. ತೆಳ್ಳಗೆ, ಕೋಟಿನ ಎದೆ ಜೇಬಿನಲ್ಲಿ ಠಸ್ಸೆ. ಅಕ್ಕ ಗ್ಲಾಸಿನಲ್ಲಿ ದ್ರಾಕ್ಷಾರಸ ತಂದಳು. ಅವರು ಬೇಡ ಎಂದರು. ಕೇಕು ತಂದಳು, ಬೇಡ ಎಂದರು. ನಮ್ಮಲ್ಲಿ ಹೀಗೆ ಬೇಡ ಎನ್ನುವುದು ಹೆಣ ನೋಡಲು ಬಂದ ಡಾಕ್ಟರು ಮಾತ್ರ.

“ಕುಡೀದೋರ ಕೈಗೆ ಠಸ್ಸೆ ಕೊಟ್ಟೋರು ಯಾರೋ,” ಎಂದು ಅಕ್ಕ ನನಗೆ ಹೇಳುವಂತೆ ಅವರಿಗೆ ಹೇಳಿದಳು.

ಕೋಪಲ್ ವಿಮಾನದೊಳಗೆ ಬಗ್ಗಿ ಹಿಡಿಗಳ ಪಕ್ಕದ ಬರಹಗಳನ್ನು ಓದಿದರು. ಭಾವ ಬಾಯಲ್ಲಿ ಹೇಳಿದ್ದನ್ನು ಅಕ್ಕ ಚೆಂದದ ಅಕ್ಷರದಲ್ಲಿ ಬರೆದಿದ್ದಳು.

“ಇದೇನ್ರೀ, ‘ಅವಸರ ಬೇಡ’ ಅಂತ?”

“ಅದು ವೇಗದ್ದು.”

“‘ಇದ್ದಲ್ಲೇ ಇರಲಿ’?”

“ಇಂಧನ ನಿಲ್ಲಿಸೋದು. ಮೇಲಿದ್ದಾಗ ಮುಟ್ಟಬಾರ್ದಲ್ಲ.”

“‘ಇದನ್ನೆಳೆದರೆ ದೇವರೇ ಗತಿ’?”

“ಅದು ಮೇಲಿನ ಗಾಜು ಕಿತ್ತು ಹೋಗೋದಕ್ಕೆ.”

ಕೋಪಲ್ ಆ ಹಿಡಿಯಿಂದ ಕೈ ಹಿಂದೆ ತೆಗೆದರು. “ತಪ್ಪು ಅಂತ ಹೇಳೋಕೆ ನನಗೂ ಆಗ್ತಿಲ್ಲ. ಆದ್ರೆ ನಿಯಮದಲ್ಲಿ ಇರೋ ಮಾತೇ ಇರ್ಬೇಕು. ಬದಲಾಯಿಸಿ.” ಬರೆದುಕೊಂಡರು. “ಕಟ್ಟಿದ ದಿನಚರಿ ತನ್ನಿ.”

ಅರ್ಧಕ್ಕಿಂತ ಹೆಚ್ಚು ಕೆಲಸ ಸ್ವಂತ ಕೈಯಿಂದಲೇ ಮಾಡಿದ್ದೆಂದು ತೋರಿಸಬೇಕು. ಇಲ್ಲದಿದ್ದರೆ ಅದು ಮನೆಯಲ್ಲಿ ಕಟ್ಟಿದ್ದೆಂದು ಲೆಕ್ಕಕ್ಕೆ ಬರುವುದಿಲ್ಲ, ಕಾಗದವೂ ಸಿಗುವುದಿಲ್ಲ. ಭಾವ ವಿಮಾನ ನೋಡಿದರು. ಬಾಗಿಲಲ್ಲಿ ನಿಂತ ಅಕ್ಕನನ್ನು ನೋಡಿದರು. ಆಮೇಲೆ ಅಂಗಳದಲ್ಲಿ ಕಟ್ಟಿದ್ದ ಮೇಕೆಯ ಕಡೆ ತಿರುಗಿ, “ಪ್ರವಾಹದಲ್ಲಿ ಹೋಯ್ತು,” ಎಂದರು.

ನಮ್ಮೂರು ಗುಡ್ಡದ ನೆತ್ತಿಯಲ್ಲಿದೆ. ನೋಹನ ಕಾಲದಿಂದೀಚೆಗೆ ಇಲ್ಲಿಗೆ ಪ್ರವಾಹ ಬಂದದ್ದನ್ನು ಯಾರೂ ಕಂಡಿಲ್ಲ. ಕೋಪಲ್ ಗುಡ್ಡದಿಂದ ಕೆಳಗಿನ ಕಣಿವೆಯನ್ನು ಒಮ್ಮೆ ನೋಡಿ ಅದನ್ನೂ ಬರೆದುಕೊಂಡರು.

ಕೊನೆಗೆ ಮೂರು ಚಕ್ರಗಳ ಕೆಳಗೆ ಮೂರು ತಕ್ಕಡಿ ಇಟ್ಟರು. ನಕ್ಷೆಯ ಪ್ರಕಾರ ಬರಿ ವಿಮಾನ ಇನ್ನೂರಿಪ್ಪತ್ತು ಕಿಲೋ ಮೀರಬಾರದು. ಇನ್ನೂರ ಮೂವತ್ತೇಳು ಬಂತು.

“ಹದಿನೇಳು ಕಿಲೋ ಎಲ್ಲಿಂದ ಬಂತು?” ಕೋಪಲ್ ಉಗುರಿನಿಂದ ಮೂತಿಯ ಮೇಲಿನ ಹೂವನ್ನು ಒತ್ತಿದರು. ಉಗುರು ಒಳಗಿಳಿಯಿತು. “ಈ ಬಣ್ಣ ಎಷ್ಟು ದಪ್ಪ ಇದೆ?”

“ತೆಳ್ಳಗೇ ಇದೆ,” ಎಂದರು ಭಾವ, ಅಕ್ಕ ದೂರದಿಂದ ಕೇಳಿಸಿಕೊಳ್ಳುವಷ್ಟು ಗಟ್ಟಿಯಾಗಿ.

ಭಾರ ಇಳಿಸಿ, ದಿನಚರಿ ಹುಡುಕಿ, ಅಕ್ಟೋಬರ್‌ನಲ್ಲಿ ಮತ್ತೆ ಕರೆಯಿರಿ ಎಂದು ಕೋಪಲ್ ಹೊರಟರು. ಠಸ್ಸೆ ಜೇಬಿನಿಂದ ಹೊರಗೇ ಬರಲಿಲ್ಲ.

ಆಮೇಲಿನ ಮೂರು ವಾರ ಭಾವ ನೋಡಲಾಗದ ಸ್ಥಿತಿಯಲ್ಲಿದ್ದರು. ಸೀಟಿನ ಮೆತ್ತೆ ತೆಗೆದರು. ಬೋಲ್ಟುಗಳ ತುದಿಯನ್ನು ಅರದಿಂದ ತಿಕ್ಕಿ ಪುಡಿಯನ್ನು ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿದರು. ಊಟಕ್ಕೆ ಕೂತರೆ ಹಿಟ್ಟಿನ ಕಡುಬನ್ನು ಪಕ್ಕಕ್ಕೆ ತಳ್ಳತೊಡಗಿದರು.

“ಭಾವ, ಇಳೀಬೇಕಾದ್ದು ಅದರ ಭಾರ, ನಿಮ್ದಲ್ಲ,” ಎಂದೆ.

“ಗೊತ್ತು. ಸೇರ್ತಿಲ್ಲ.”

ದ್ರಾಕ್ಷಿ ಕೊಯ್ಲಿನ ಮಧ್ಯಾಹ್ನ ಅವರನ್ನು ನನ್ನ ನೆಲಮಾಳಿಗೆಗೆ ಎಳೆದು ತಂದು ಕೂರಿಸಿದೆ. ಗ್ಲಾಸು ಮುಂದಿಟ್ಟು, “ಕುರುಡನಿಗೂ ಕಾಣತ್ತೆ ಅದು ಬಣ್ಣದ ಭಾರ ಅಂತ. ಅಕ್ಕನಿಗೆ ಹೇಳಿ ಕೆರೆಸಿ ಬಿಸಾಕೋದಕ್ಕೆ ಏನಾಗಿದೆ ನಿಮಗೆ?” ಎಂದೆ.

“ಆಗಲ್ಲ ಕಣೋ.”

“ಹೆಂಡ್ತಿಗೆ ಅಷ್ಟು ಹೆದರಿಕೆಯಾ?”

“ಹೆದರಿಕೆ ಅಲ್ಲ. ಹತ್ತೊಂಬತ್ತು ವರ್ಷ ಬರೆದಿದಾಳೆ. ಯಾವ ಬಾಯಲ್ಲಿ ಕೇಳ್ಲಿ?” ಗ್ಲಾಸನ್ನು ತಿರುಗಿಸುತ್ತಾ ಕೂತರು. “ಕೆರೆದ್ರೆ ಎಲ್ಲಾ ಹೊರಗೆ ಬರತ್ತೆ. ಇರಲಿ ಬಿಡು. ಮಾರ್ತಿನನ ಹಬ್ಬಕ್ಕೆ ಆಗ್ಲಿಲ್ಲ ಅಂದ್ರೆ ಆ ಹೋಟೆಲಿನೋನಿಗೆ ಫೋನ್ ಮಾಡ್ತೀನಿ.”

ಹೆಬ್ಬಾತು ಹೋಟೆಲಿನ ಮಾಡಿನ ಮೇಲೆ ಕೂರುವುದು, ಇವರು ಕಣ್ಣು ಹೋಗುವವರೆಗೆ ಅಂಗಳದ ಖಾಲಿ ಜಾಗ ನೋಡುವುದು. ನನಗೆ ಸಿಟ್ಟು ನೆತ್ತಿಗೇರಿತು. ‘ಎಲ್ಲಾ ಹೊರಗೆ ಬರತ್ತೆ’ ಎಂದರೆ ಏನು ಎಂದು ಕೇಳುವ ಬುದ್ಧಿಯೂ ಓಡಲಿಲ್ಲ. ನೇರ ಅಕ್ಕನ ಬಳಿ ಹೋದೆ.

ಅಕ್ಕ ಅಂಗಳದಲ್ಲಿ ಹಂಡೆ ಇಟ್ಟು ಪ್ಲಮ್ ಹಣ್ಣಿನ ಲೇಹ್ಯ ತೊಳಸುತ್ತಿದ್ದಳು. ಬೆಳಿಗ್ಗೆ ಹಚ್ಚಿದ ಒಲೆ, ಕೈ ನಿಲ್ಲಿಸಿದರೆ ತಳ ಹಿಡಿಯುತ್ತದೆ. ನಾನು ಸುತ್ತಿ ಬಳಸದೆ ಹೇಳಿಬಿಟ್ಟೆ: ನಿನ್ನ ಹೂವಿನಿಂದ ಅದು ಏಳುತ್ತಿಲ್ಲ, ಅವರು ನಿನ್ನ ಮುಖ ನೋಡಿ ಬಾಯಿ ಬಿಡುತ್ತಿಲ್ಲ.

“ಎಷ್ಟು ಜಾಸ್ತಿ ಅಂದೆ?”

“ಹದಿನೇಳು ಕಿಲೋ.”

ಅಕ್ಕ ಎರಡು ಸುತ್ತು ತೊಳಸಿದಳು. “ಬರೀ ಹದಿನೇಳಾ?” ಎಂದಳು. “ನಾನು ಮೂವತ್ತಾದ್ರೂ ಆಗಿರತ್ತೆ ಅಂದ್ಕೊಂಡಿದ್ದೆ.”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

“ಬೇಕು ಅಂತ್ಲೇ ಮಾಡಿದ್ಯಾ?”

“ಲುಬೋಶ್‌ನ ತಂದಾಗ ಅವನಿಗೆ ಬಟ್ಟೆ ತೊಡಿಸಿದ್ದು ನಾನೂ ಅವನ ಹೆಂಡ್ತೀನೂ. ನೀನು ಅಂಗಳದಲ್ಲಿ ನಿಂತಿದ್ದೆ, ನಿನಗೇನು ಗೊತ್ತು. ಅವತ್ತು ಊಟಕ್ಕೆ ಕೂತಾಗ ನಿಮ್ಮ ಭಾವ ಅಂದ್ರು, ಅವನದು ಇನ್ನೂ ಹತ್ತು ಕಿಲೋ ಭಾರ ಇದ್ದಿದ್ರೆ ನೆಲಾನೇ ಬಿಡ್ತಿರಲಿಲ್ಲ, ಬದುಕಿರ್ತಿದ್ದ ಅಂತ. ನಾನು ಕೇಳಿಸ್ಕೊಂಡೆ. ಕಟ್ಟಬೇಡಿ ಅಂದ್ರೆ ಇವರು ಸತ್ತೇ ಹೋಗೋರು. ಕಟ್ಟಲಿ. ಏಳದೇ ಇದ್ರೆ ಸಾಕು.”

“ಈಗ?”

“ಈಗ ಅವರು ಕೂರಲ್ವಲ್ಲ. ನನಗೇ ಇಷ್ಟು ದಿನ ಹೇಳಕ್ಕೆ ಬಾಯಿ ಬಂದಿರ್ಲಿಲ್ಲ. ಹೇಳಿದ್ರೆ ಕಳ್ಳಿ ಅಂತ ಗೊತ್ತಾಗತ್ತೆ.”

“ಕೂರೋದು ಆ ಪೋಲೆಂಡಿನೋಳು. ಅವಳ ಜೀವ ಜೀವ ಅಲ್ವಾ?”

“ಅದಕ್ಕೇ ಕೆರೀತೀನಿ. ಪಾಪ, ಅವಳಿಗಾದ್ರೂ ಹಗುರ ಇರಲಿ. ನಿನ್ನ ಬಿಸಿ ಗಾಳಿ ಊದೋ ಮೆಷಿನ್ ತಗೊಂಬಾ, ಎರಡು ದಿನದ ಮಟ್ಟಿಗೆ.”

ಆ ಎರಡು ದಿನದ ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ತಂದುಕೊಟ್ಟೆ.

ಮರುದಿನ ಭಾವ ಕಣ್ಣು ತೋರಿಸಲು ಪಟ್ಟಣಕ್ಕೆ ಹೋಗಿದ್ದರು. ನಾನು ಬಿಸಿ ಗಾಳಿ ಊದಿದೆ, ಅಕ್ಕ ಮರದ ಚಕ್ಕೆಯಿಂದ ಕೆರೆದಳು. ಎಣ್ಣೆ ಬಣ್ಣ ಈರುಳ್ಳಿಯ ಹಾಗೆ ಪದರ ಪದರವಾಗಿ ಏಳುತ್ತಿತ್ತು. ಆ ವರ್ಷದ ಹೂ ಹೋಯಿತು, ಅದರಡಿಯ ಬಿಳಿ ಹೋಯಿತು. ಕೆಳಗೆ ಹಿಂದಿನ ವರ್ಷದ ದಾಳಿಂಬೆ ಬಳ್ಳಿ ಕಾಣಿಸಿತು. ಆ ಬಳ್ಳಿಯ ಮೇಲೆ, ರೆಕ್ಕೆ ಕೂಡುವ ಜಾಗದಲ್ಲಿ, ಕಪ್ಪು ಪೆನ್ನಿನ ಸಣ್ಣ ಅಕ್ಷರ.

“ನಿಮ್ಮ ಭಾವನ ಕೈ,” ಎಂದಳು ಅಕ್ಕ. “ನೀನೇ ಓದು, ನನ್ನ ಕನ್ನಡಕ ಒಳಗಿದೆ.”

ನಾನು ಓದಿದೆ. “ಹದಿನಾರನೇ ಇಸವಿ. ಬಾಲದ ತಂತಿ ಬದಲಿಸಿದೆ. ಅಪೊಲೇನಾಳ ಬಣ್ಣ ಒಂಬೈನೂರೈವತ್ತು ಗ್ರಾಂ. ಇರಲಿ.”

ಬರಹವಿದ್ದ ಚೂರನ್ನು ಅಕ್ಕ ಮುರಿಯದಂತೆ ಎಬ್ಬಿಸಿ, ಒಳಗಿಂದ ಕೇಕು ಬೇಯಿಸುವ ತಟ್ಟೆ ತಂದು ಅದರ ಮೇಲಿಟ್ಟಳು. ಮತ್ತೆ ಕೆರೆದೆವು. ಪ್ರತಿ ಪದರದ ಮೇಲೂ ಇತ್ತು. ಶನಿವಾರ ಬಿಳಿ ಹೊಡೆಯುವುದು ಗಂಡಸರ ಕೆಲಸವಲ್ಲವೇ. ಹೊಡೆಯುವ ಮುನ್ನ ಹಿಂದಿನ ವರ್ಷದ ಲೆಕ್ಕ ಬರೆದು ತಾವೇ ಮುಚ್ಚಿಬಿಡುತ್ತಿದ್ದರು.

“ಹನ್ನೊಂದನೇ ಇಸವಿ. ಎಂಜಿನ್ ಕೂರಿಸಿದೆ. ಬಣ್ಣ ಕೆರೆದರೆ ಈ ವರ್ಷವೇ ಹಾರಬಹುದು. ಅಪೊಲೇನಾಳ ಬಣ್ಣ ಒಂದು ಕಿಲೋ ನೂರು. ಇರಲಿ.”

“ಏಳನೇ ಇಸವಿ. ಅವಳ ಕೈ ಮುರಿದಿದೆ. ಎರಡೇ ಹೂ. ಮುನ್ನೂರು ಗ್ರಾಂ. ಪಾಪ ಅನ್ನಿಸಿ ನಾನೇ ಇನ್ನೊಂದು ಕೋಟು ಬಿಳಿ ಹೊಡೆದೆ. ಆರುನೂರು. ಇರಲಿ.”

ಇದನ್ನು ಓದಿದಾಗ ಅಕ್ಕ ಚಕ್ಕೆ ಕೆಳಗಿಟ್ಟು ನನ್ನ ಏಣಿಯ ಮೇಲೆ ಕೂತಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ, ಮುಖದ ತುಂಬ ಬಣ್ಣದ ಪುಡಿ.

“ಗೊತ್ತಿತ್ತು ಇವರಿಗೆ,” ಎಂದಳು. “ಮೊದಲನೇ ವರ್ಷದಿಂದ ಗೊತ್ತಿತ್ತು. ಸುಮ್ಮನೆ ನನ್ನ ಕೈಲಿ ದುಡಿಸಿದಾರೆ. ಒಂದು ಮಾತು ಹೇಳಿದ್ರೆ ನಾನು ಬೆನ್ನು ನೋಯಿಸ್ಕೊಂಡು ಬಾಲದ ತುದಿವರೆಗೂ ಬರೀತಿದ್ನಾ?”

ಕಟ್ಟಕಡೆಯ ಚೂರು ತೊಂಬತ್ತೊಂಬತ್ತರದು. “ಲುಬೋಶ್ ಇಲ್ಲದ ಮೊದಲ ವರ್ಷ. ಅಪೊಲೇನಾ ಹೂ ಬರೆದಳು. ಒಂದು ಕಿಲೋ ಇನ್ನೂರು. ಯಾಕೆ ಎಂದು ಕೇಳಲಿಲ್ಲ. ಇರಲಿ.” ಅದರ ಕೆಳಗೆ ಬರಿಯ ತಗಡು. ತಗಡಿನ ತುಂಬ ತೊಂಬತ್ಮೂರರಿಂದ ತೊಂಬತ್ತೆಂಟರವರೆಗಿನ ದಿನಚರಿ, ಯಾವ ದಿನ ಯಾವ ರಿವೆಟ್ಟು ಎಂದು. ಹೆದರುಪುಕ್ಕಲ ಎಂದು ಆರು ವರ್ಷ ನಾನು ಆಡಿಕೊಂಡಿದ್ದ ಮನುಷ್ಯನ ಬರಹದ ಮುಂದೆ ನನಗೆ ನಾಚಿಕೆಯಾಯಿತು.

ಭಾವ ನಾಲ್ಕು ಗಂಟೆಯ ಬಸ್ಸಿಗೆ ಬಂದರು. ಗೇಟಿನಲ್ಲೇ ನಿಂತರು. ಅಂಗಳದಲ್ಲಿ ಬೆಳ್ಳಗೆ ಹೊಳೆಯುವ ವಿಮಾನ, ಸುತ್ತ ಹತ್ತೊಂಬತ್ತು ವರ್ಷದ ಬಣ್ಣದ ರಾಶಿ, ಕೇಕಿನ ತಟ್ಟೆಯ ಮೇಲೆ ಸಾಲಾಗಿ ಹದಿನೆಂಟು ಚೂರು, ತಟ್ಟೆಯ ಹಿಂದೆ ಅಕ್ಕ.

“ಈ ವರ್ಷದ್ದೆಷ್ಟು?” ಎಂದಳು ಅಕ್ಕ.

ಭಾವ ಟೋಪಿ ತೆಗೆದರು. “ಒಂಬೈನೂರು. ಇನ್ನೂ ಬರೆದಿರ್ಲಿಲ್ಲ.”

“ಕೈ ತೊಳ್ಕೊಂಡು ಬನ್ನಿ. ಕಡುಬು ಆರ್ತಿದೆ.”

ಅಂದು ಭಾವ ಎಂಟು ಕಡುಬು ತಿಂದರು, ನಾನು ಎಣಿಸಿದೆ. ಊಟ ಮುಗಿಯುವವರೆಗೆ ಇಬ್ಬರೂ ಆ ವಿಷಯ ಎತ್ತಲಿಲ್ಲ. ಏಳುವಾಗ ಮಾತ್ರ ಅಕ್ಕ ಅವರ ಬೆನ್ನಿಗೆ ಒಂದು ಗುದ್ದು ಕೊಟ್ಟಳು, ಸಾಕಷ್ಟು ಜೋರಾಗಿಯೇ. ಮರುದಿನ ಭಾವ ಮೆತ್ತೆಯನ್ನು ಮತ್ತೆ ಸೀಟಿಗೆ ಹಾಕಿ, ಹೊಸ ಬೋಲ್ಟು ತಂದು ಕೂರಿಸಿದರು.

ಅಕ್ಟೋಬರ್‌ನಲ್ಲಿ ಕೋಪಲ್ ಬಂದು ತಗಡಿನ ಸುತ್ತ ಮೂರು ಸಲ ನಡೆದು ಓದಿದರು. ಆಮೇಲೆ ಅಡಿಗೆಮನೆಯ ಮೇಜಿನ ಮುಂದೆ ಕೂತು ಕೇಕಿನ ತಟ್ಟೆಯ ಚೂರುಗಳನ್ನು ಒಂದೊಂದಾಗಿ ಓದಿದರು. ಏಳನೇ ಇಸವಿಯದನ್ನು ಎರಡು ಸಲ ಓದಿದರು. ಎಲ್ಲವನ್ನೂ ಕೂಡಿಸಿದಾಗ, ಬಾಯಲ್ಲಿ ಹೇಳಿದ ಒಂಬೈನೂರೂ ಸೇರಿ, ಹದಿನೇಳು ಕಿಲೋ ನಾನೂರು. ತಕ್ಕಡಿಯಲ್ಲಿ ಹೆಬ್ಬಾತು ಇನ್ನೂರ ಹತ್ತೊಂಬತ್ತು ಕಿಲೋ ಆರುನೂರು. ಮುಂಚಿನದರಲ್ಲಿ ಕಳೆದರೆ ಒಂದು ಗ್ರಾಮಿನ ವ್ಯತ್ಯಾಸವಿಲ್ಲ.

“ಬೇರೆಯೋರ ಕೈಲಿ ಕಟ್ಟಿಸಿದೋನಿಗೆ ಹೀಗೆ ಬರೆಯೋಕಾಗಲ್ಲ,” ಎಂದರು. ನಂತರ ಕನ್ನಡಕದ ಮೇಲಿಂದ ನೋಡಿ, “ಪ್ರವಾಹ?” ಎಂದರು.

“ಇಳೀತು,” ಎಂದರು ಭಾವ.

ಠಸ್ಸೆ ಹೊರಗೆ ಬಂತು. ಅದು ಬಿದ್ದ ಸದ್ದಿಗೆ ಅಕ್ಕ ಗ್ಲಾಸು ತಂದಿಟ್ಟಳು, ಕೋಪಲ್ ಒಂದೇ ಗುಟುಕಿಗೆ ಕುಡಿದು ಇನ್ನೊಂದಕ್ಕೆ ಕೈ ಚಾಚಿದರು. ಹೋಗುವಾಗ ಅಕ್ಕನಿಗೆ, “ಇನ್ನೂ ನಾನೂರು ಗ್ರಾಂ ಜಾಗ ಇದೆ ಅಮ್ಮ,” ಎಂದು ಮೆಲ್ಲಗೆ ಹೇಳಿದರು.

ಅಕ್ಕ ಹೆಬ್ಬಾತಿನ ಹೊಟ್ಟೆಯಡಿ ನನ್ನ ಏಣಿ ಹಾಸಿ, ಅದರ ಮೇಲೆ ಗೋಣಿ ಹಾಸಿ, ಅರವತ್ತೇಳನೇ ವಯಸ್ಸಿನಲ್ಲಿ ಅಂಗಾತ ಮಲಗಿ ಒಂದು ಹೂ ಬರೆದಳು. ನಾನು ಪಕ್ಕದಲ್ಲಿ ಡಬ್ಬಿ ಹಿಡಿದು ಮಲಗಿದ್ದೆ. ಭಾವನಿಗೆ ಹೇಳಕೂಡದೆಂದು ಆಣೆ ಹಾಕಿಸಿದಳು. ಹೂವಿನ ಕೆಳಗೆ ಎರಡು ಮಾತನ್ನೂ ಬರೆದಳು.

ಮಾರ್ತಿನನ ಹಬ್ಬದ ಹಿಂದಿನ ದಿನ ಬಿಸಿಲಿತ್ತು. ಪಟ್ಟಣದ ವಿಮಾನ ನಿಲ್ದಾಣದ ಬೇಲಿಯ ಹತ್ತಿರ ಅರ್ಧ ಊರು ನಿಂತಿತ್ತು, ಪಾದ್ರಿಗಳು ಕೋಳಿಗಳ ಪರವಾಗಿ ಬಂದಿದ್ದರು. ಯಾದ್ವಿಗಾ ಒಳಗೆ ಕೂತು ಗಾಜು ಮುಚ್ಚಿದಳು. ಹೊಸ ಚೀಟಿಗಳ ಪಕ್ಕದಲ್ಲಿ ‘ಇದನ್ನೆಳೆದರೆ ದೇವರೇ ಗತಿ’ ಒಂದನ್ನು ಅವಳು ಹಾಗೇ ಉಳಿಸಿಕೊಂಡಿದ್ದಳು. ಹೆಬ್ಬಾತು ಕಿರುಚಿಕೊಂಡು ಓಡಿತು. ಓಡುತ್ತಲೇ ಇತ್ತು. ಅಕ್ಕ ಭಾವನ ತೋಳು ಹಿಡಿದುಕೊಂಡಳು. ಆಮೇಲೆ ಚಕ್ರದ ಕೆಳಗೆ ಬೆಳಕು ಕಾಣಿಸಿತು, ಒಂದು ಗೇಣು, ಒಂದು ಮಾರು, ನಂತರ ಇಡೀ ಆಕಾಶ.

ಭಾವ ತಲೆಯನ್ನು ಎಡಕ್ಕೆ ತಿರುಗಿಸಿ ಬಲಗಣ್ಣಿನಲ್ಲೇ ಅದನ್ನು ಹಿಂಬಾಲಿಸಿದರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಂಡರೆ ಅಷ್ಟು ಹೊತ್ತು ಕಾಣುವುದಿಲ್ಲವೆಂದು ಒರೆಸಿಕೊಳ್ಳಲಿಲ್ಲ. ಹೆಬ್ಬಾತು ಸುತ್ತು ಹಾಕಿ ನಮ್ಮ ನೆತ್ತಿಯ ಮೇಲೆ ತಗ್ಗಿನಲ್ಲಿ ಹಾದುಹೋಯಿತು.

“ಹೊಟ್ಟೆ ಮೇಲೆ ಏನೋ ಕೆಂಪಗಿದೆ,” ಎಂದರು. “ಕೆಳಗೆ ಬರೆದೂ ಇದೆ. ಏನದು ಫ್ಲೋರಿಯಾನ್?”

ನಾನು ಅಕ್ಕನ ಮುಖ ನೋಡಿದೆ. ಅವಳು ಹೂಂ ಎಂದು ತಲೆಯಾಡಿಸಿದಳು.

“‘ಅರವತ್ತು ಗ್ರಾಂ. ಇರಲಿ,’ ಅಂತ,” ಎಂದೆ.

ಭಾವ ಆಕಾಶದಿಂದ ಕಣ್ಣು ತೆಗೆಯಲಿಲ್ಲ.

“ಐವತ್ತೈದು,” ಎಂದರು. “ಡಬ್ಬೀನ ನಾನು ತೂಗಿದ್ದೆ.”